ಅವರವರ ಅಳತೆ ಬಲ್ಲವನೇ ಗುರು

"ಮಗ ಪದವಿ ಮುಗಿಸಿದ್ದಾನೆ. ಕಚೇರಿಯ ಕೆಲಸ ಬೇಡ, ಜನರಿಗೆ ವ್ಯಾಯಾಮ ಕಲಿಸಿ ಬದುಕುತ್ತೇನೆ ಎನ್ನುತ್ತಾನೆ. ಇದೂ ಒಂದು ಉದ್ಯೋಗವೇ?" ಎಂಬ ಅಳಲು ಇಂದು ಹಲವು ಮನೆಗಳಲ್ಲಿ ಕೇಳಿಬರುತ್ತಿದೆ. ಈ ಆತಂಕ ಅಸಹಜವೇನೂ ಅಲ್ಲ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂತಹ ಊರುಗಳ ಹಿರಿಯರಿಗೆ ಅಂಗಸಾಧನೆ ಎಂದೊಡನೆ ನೆನಪಾಗುವುದು ಗರಡಿಮನೆ, ಅಲ್ಲಿನ ಕೆಮ್ಮಣ್ಣು, ದಂಡ, ಬಸ್ಕಿ ಮತ್ತು ಗದೆ. ಅಲ್ಲಿ ಕಲಿಸುತ್ತಿದ್ದ ಉಸ್ತಾದರಿಗೆ ಗೌರವವಿತ್ತು. ಆದರೆ ಆ ವಿದ್ಯೆಯನ್ನೇ ನಂಬಿ ಸಂಸಾರ ಸಾಗಿಸಬಹುದೆಂದು ಯಾರೂ ಎಣಿಸುತ್ತಿರಲಿಲ್ಲ.

ಈ ಪ್ರಶ್ನೆಗೆ ನಮ್ಮ ನಾಡಿನ ಒಂದು ಜೀವನವೇ ಉತ್ತರ ನೀಡುತ್ತದೆ. ಕೋಲಾರ ವೆಂಕಟೇಶ ಅಯ್ಯರ್ ಜನಿಸಿದ್ದು 1897ರಲ್ಲಿ. ಅದೇ ವರ್ಷ ಯೂಜೆನ್ ಸ್ಯಾಂಡೋ ಎಂಬ ಜಗಜಟ್ಟಿ ಲಂಡನ್ನಿನಲ್ಲಿ ಅಂಗಸಾಧನೆಯ ಶಾಲೆಯೊಂದನ್ನು ತೆರೆದಿದ್ದನು. ಪಶ್ಚಿಮದ ಆ ಹೊಸ ವಿದ್ಯೆಯನ್ನು ಅಯ್ಯರ್ ಅಭ್ಯಾಸ ಮಾಡಿದರು. ಜೊತೆಗೆ ನಮ್ಮ ಹಠಯೋಗವನ್ನೂ ಸೂರ್ಯನಮಸ್ಕಾರವನ್ನೂ ಕೈಬಿಡಲಿಲ್ಲ. ಮೊದಲು ತಮ್ಮ ದೇಹವನ್ನೇ ಶಿಲ್ಪದಂತೆ ತಿದ್ದಿಕೊಂಡ ಅವರು, ಅನಂತರ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಮೂಲಕ ಇತರರಿಗೆ ಕಲಿಸತೊಡಗಿದರು. ದೂರದ ಶಿಷ್ಯರಿಗಾಗಿ ಅಂಚೆಯ ಮೂಲಕ ಪಾಠಕ್ರಮವನ್ನೂ ನಡೆಸಿದರು. ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಮನ್ನಣೆಗೂ ಪಾತ್ರರಾದರು. ಹವ್ಯಾಸವೆನಿಸಿದ್ದುದು ಹೀಗೆ ಅವರ ಕೈಯಲ್ಲಿ ಜೀವನವೃತ್ತಿಯಾಯಿತು.

ತನ್ನ ತೋಳನ್ನು ಬಲಪಡಿಸಿಕೊಳ್ಳುವುದು ಒಂದು ವಿದ್ಯೆ. ಇನ್ನೊಬ್ಬನ ಬಲಹೀನತೆಯನ್ನು ಅರಿಯುವುದು ಬೇರೊಂದು ವಿದ್ಯೆ. ತರಬೇತುದಾರನ ಹಾದಿ ಆರಂಭವಾಗುವುದು ಮೊದಲನೆಯದರಿಂದ ಎರಡನೆಯದಕ್ಕೆ ದಾಟಿದಾಗಲೇ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ನೀತಿಶಾಸ್ತ್ರವನ್ನು ಬೋಧಿಸುವಾಗ ವ್ಯಾಯಾಮಗುರುವಿನ ದೃಷ್ಟಾಂತವನ್ನೇ ಕೊಡುತ್ತಾನೆ. ಹತ್ತು ಪಾಲು ಆಹಾರ ಹೆಚ್ಚು, ಎರಡು ಪಾಲು ಕಡಿಮೆ ಎಂದಾದರೆ, ಎಲ್ಲರಿಗೂ ಆರು ಪಾಲು ಎಂದು ವಿಧಿಸುವವನು ಗುರುವಲ್ಲ. ಮಿಲೋ ಎಂಬ ಪ್ರಸಿದ್ಧ ಜಟ್ಟಿಗೆ ಆರು ಸಾಲದು. ಇಂದು ತಾನೇ ಅಭ್ಯಾಸ ಆರಂಭಿಸಿದವನಿಗೆ ಅದೇ ಅತಿಯಾದೀತು. ಮಧ್ಯಮ ಮಾರ್ಗವೆಂಬುದು ಗಣಿತದ ಅಳತೆಯಲ್ಲ, ಅವರವರ ಅಳತೆ. ಇಂದು 'ಪರ್ಸನಲ್ ಟ್ರೈನರ್' ಎಂಬ ಹೆಸರಿನಲ್ಲಿರುವ ಉದ್ಯೋಗದ ತಿರುಳೂ ಇದೇ ಅಲ್ಲವೇ? ಮಂಡಿನೋವಿನ ಅಜ್ಜಿಗೂ, ಮಧುಮೇಹವಿರುವ ಗುಮಾಸ್ತರಿಗೂ, ಓಟದ ಸ್ಪರ್ಧೆಗೆ ಸಿದ್ಧವಾಗುವ ಹುಡುಗನಿಗೂ ಒಂದೇ ಪಾಠ ಹೊಂದದು.

ಅಯ್ಯರ್ ಅವರು ಸಾಹಿತಿಯೂ ಆಗಿದ್ದರು. 'ಶಾಂತಲಾ' ಕಾದಂಬರಿಯನ್ನು ಬಲ್ಲವರು ಬಹಳ. ಆದರೆ ನಮ್ಮ ಕುಟುಂಬಗಳು ಅವಶ್ಯವಾಗಿ ಗಮನಿಸಬೇಕಾದದ್ದು ಅವರ 'ರೂಪದರ್ಶಿ'. ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿದ್ದ ಮುದ್ದು ಮಗು, ವರ್ಷಗಳು ಕಳೆದ ಮೇಲೆ, ಗುರುದ್ರೋಹಿ ಯೂದನ ಚಿತ್ರಕ್ಕೆ ಮಾದರಿಯಾಗಿ ಅದೇ ಕಲಾವಿದನೆದುರು ನಿಲ್ಲುವ ಕಥೆಯದು. ದೇಹಸೌಂದರ್ಯವನ್ನೇ ವೃತ್ತಿಯಾಗಿಸಿಕೊಂಡಿದ್ದವರು ಇಂತಹ ಕಥೆಯನ್ನು ಕನ್ನಡಕ್ಕೆ ಕೊಟ್ಟದ್ದು ಅರ್ಥಪೂರ್ಣ. ಬಾಳಿನ ನಡತೆ ಮುಖದಲ್ಲಿ ಮೂಡದೆ ಇರದು. ರೂಪವೊಂದನ್ನೇ ಕಾಪಾಡಹೊರಟವನಿಗೆ ರೂಪವೂ ಉಳಿಯದು.

ಈ ಎಚ್ಚರಿಕೆ ಇಂದು ಹೆಚ್ಚು ಅಗತ್ಯವಾಗಿದೆ. ಕೆಲವೇ ತಿಂಗಳಲ್ಲಿ ಮೈಕಟ್ಟು ಬೆಳೆಸುವ ಆತುರದಲ್ಲಿ ಸ್ಟೀರಾಯ್ಡ್ ಔಷಧಗಳಿಗೆ ಮಾರುಹೋಗುವ ಯುವಕರಿದ್ದಾರೆ. ವೈದ್ಯರ ಸಲಹೆಯಿಲ್ಲದೆ ಅವನ್ನು ಬಳಸಿದರೆ ಹೃದಯ, ಯಕೃತ್ತು, ಸಂತಾನಶಕ್ತಿ ಇವೆಲ್ಲಕ್ಕೂ ಹಾನಿ ತಪ್ಪಿದ್ದಲ್ಲ. ಶಿಷ್ಯನಿಗೆ ಅಂತಹ ಚುಚ್ಚುಮದ್ದಿನ ದಾರಿ ತೋರುವವನು ಗುರುವಲ್ಲ, ವ್ಯಾಪಾರಿ.

ಆದುದರಿಂದ ಹೆತ್ತವರಲ್ಲಿ ಒಂದು ಅರಿಕೆ. ಮಗನಾಗಲಿ ಮಗಳಾಗಲಿ ಈ ಹಾದಿಯನ್ನು ಬಯಸಿದರೆ ಹೀಗಳೆಯಬೇಡಿ. ಕ್ರಮವಾಗಿ ಕಲಿಯುವಂತೆ ಮಾಡಿ. ಮದರಾಸಿನಲ್ಲಿ 1920ರಷ್ಟು ಹಿಂದೆಯೇ ಹ್ಯಾರಿ ಕ್ರೋ ಬಕ್ ಅವರು ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಯಿತು. ಪದವಿಯ ನಂತರ ಎರಡು ವರ್ಷಗಳ ಬಿ.ಪಿ.ಎಡ್. ಶಿಕ್ಷಣವೂ ಇದೆ. ದೇಹರಚನಾಶಾಸ್ತ್ರ, ಆಹಾರ, ಪ್ರಥಮ ಚಿಕಿತ್ಸೆ ಇವುಗಳನ್ನು ಅರಿಯದೆ ಇನ್ನೊಬ್ಬರ ಮೈಮೇಲೆ ಭಾರ ಹೊರಿಸುವುದು ಸಲ್ಲದು.

ಅನಂತರ ಅವರನ್ನು ಒಂದು ಪ್ರಶ್ನೆ ಕೇಳಿ. ನಿನ್ನ ತೋಳಿನ ಸುತ್ತಳತೆ ಎಷ್ಟು ಎಂದಲ್ಲ. ಮೆಟ್ಟಿಲು ಹತ್ತಲಾರದ ಎಷ್ಟು ಜನ ನಿನ್ನಿಂದ ಮೆಟ್ಟಿಲು ಹತ್ತಿದರು ಎಂದು. ಇದಕ್ಕೆ ಉತ್ತರ ಹೇಳಬಲ್ಲ ಮಗನ ಉದ್ಯೋಗ ಯಾವ ಕಚೇರಿಯ ಕೆಲಸಕ್ಕೂ ಕಡಿಮೆಯದಲ್ಲ.