ತಾಳೆಯಾದ ಲೆಕ್ಕ

“ಭೌತವಿಜ್ಞಾನ ಬೋಧಿಸುವವರಿಗೆ ಜಮಾಖರ್ಚಿನ ಗೊಡವೆ ಏತಕ್ಕೆ?” ಎಂದು ವಾಣಿಜ್ಯ ವಿಭಾಗದ ಮಿತ್ರರೊಬ್ಬರು ಒಮ್ಮೆ ನನ್ನನ್ನು ಕೇಳಿದರು. ಅವರ ಪ್ರಶ್ನೆ ಅಸಹಜವಾದುದೇನೂ ಅಲ್ಲ. ನಮ್ಮ ಕಾಲೇಜಿನ ನೌಕರರೆಲ್ಲ ಕೂಡಿ ನಡೆಸುವ ಪತ್ತಿನ ಸಹಕಾರ ಸಂಘವೊಂದುಂಟು. ಅದಕ್ಕೆ ಆ ವರ್ಷ ನನ್ನನ್ನು ಖಜಾಂಚಿಯಾಗಿ ಆರಿಸಿದ್ದರು. ಗಣಿತ ಬಲ್ಲವನಿಗೆ ಲೆಕ್ಕಪತ್ರವೆಂದರೆ ನೀರು ಕುಡಿದಷ್ಟು ಸುಲಭವೆಂಬುದು ಸದಸ್ಯರ ನಂಬಿಕೆ. ಆದರೆ ಸಂಘದ ಅಢಾವೆ ಪತ್ರಿಕೆಯನ್ನು ಮೊದಲ ಬಾರಿ ಮುಂದಿಟ್ಟುಕೊಂಡಾಗ, ಅವಕಲ ಸಮೀಕರಣಗಳಿಗೆ ಹೆದರದ ನಾನು ಅದರ ಎರಡು ಅಂಕಣಗಳ ಎದುರಿಗೆ ಕಣ್ಣು ಕಣ್ಣು ಬಿಟ್ಟೆನೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಪರರ ಉಳಿತಾಯದ ಹಣವನ್ನು ಕಾಯುವವನಿಗೆ ಅಜ್ಞಾನವು ಕ್ಷಮಾರ್ಹವಾದ ದೋಷವಲ್ಲ. ಸಂಜೆಯ ತರಗತಿಗೆ ಹೋಗಿ ಕಲಿಯುವಷ್ಟು ಬಿಡುವೂ ಇರಲಿಲ್ಲ. ಆದುದರಿಂದ ಅಂತರ್ಜಾಲದ ಮೂಲಕ ಕಲಿಸುವ ದೂರಶಿಕ್ಷಣದ ಪಾಠಕ್ರಮವೊಂದಕ್ಕೆ ಹೆಸರು ಕೊಟ್ಟು, ಮೂವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದೆ. ಅಲ್ಲಿ ಕಲಿತುದೇನು, ಕಲಿಯದೆ ಉಳಿದುದೇನು, ಅದರಿಂದ ಒದಗಿದ ಪೇಚು ಎಂತಹುದು ಎಂಬುದನ್ನು ವಿದ್ಯಾರ್ಥಿಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಅಂಚೆಯಿಂದ ಅಂತರ್ಜಾಲಕ್ಕೆ

ಗುರುವು ಒಂದೂರಿನಲ್ಲಿ, ಶಿಷ್ಯನು ಮತ್ತೊಂದೂರಿನಲ್ಲಿ ಇದ್ದುಕೊಂಡು ನಡೆಸುವ ಕಲಿಕೆ ಹೊಸದಲ್ಲ. 1840ರಲ್ಲಿ ಇಂಗ್ಲೆಂಡಿನಲ್ಲಿ ಅಗ್ಗದ ಅಂಚೆ ಬಳಕೆಗೆ ಬಂದಾಗ, ಐಸಾಕ್ ಪಿಟ್‌ಮನ್ ಎಂಬಾತನು ತಾನು ರೂಪಿಸಿದ ಶೀಘ್ರಲಿಪಿಯ ಪಾಠಗಳನ್ನು ಅಂಚೆಯಲ್ಲಿ ಕಳುಹಿಸತೊಡಗಿದನು. ವಿದ್ಯಾರ್ಥಿಗಳು ಅಭ್ಯಾಸ ಮಾಡಿ ಹಿಂದಕ್ಕೆ ಕಳುಹಿಸಿದುದನ್ನು ತಿದ್ದಿ ಮತ್ತೆ ಅವರಿಗೆ ತಲುಪಿಸುತ್ತಿದ್ದನು. ಈ ತಿದ್ದುವಿಕೆಯೇ ಆ ಪದ್ಧತಿಯ ಜೀವಾಳ. ನಮ್ಮ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆಶಿಕ್ಷಣವನ್ನು ಆರಂಭಿಸಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. 2017ರ ಜುಲೈ ತಿಂಗಳಲ್ಲಿ ಭಾರತ ಸರ್ಕಾರವು ‘ಸ್ವಯಂ’ ಎಂಬ ಅಂತರ್ಜಾಲ ವ್ಯವಸ್ಥೆಯನ್ನು ತೆರೆದ ಮೇಲೆ, ಮನೆಯಲ್ಲಿ ಕುಳಿತು ಕಲಿಯುವ ಅನುಕೂಲ ಇನ್ನೂ ವಿಸ್ತಾರಗೊಂಡಿತು.

ಇಂತಹ ಪಾಠಕ್ರಮಕ್ಕೆ ಸಾಮಾನ್ಯವಾಗಿ ನಾಲ್ಕು ಅಂಗಗಳಿರುತ್ತವೆ: ದೃಶ್ಯರೂಪದ ಉಪನ್ಯಾಸ, ಓದುವ ಸಾಮಗ್ರಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂದೇಹ ಕೇಳುವ ಚರ್ಚಾವೇದಿಕೆ. ಪಿಟ್‌ಮನ್ನನ ಶಿಷ್ಯರು ಉತ್ತರಕ್ಕಾಗಿ ದಿನಗಟ್ಟಲೆ ಕಾಯಬೇಕಾಗಿತ್ತು. ಇಂದು ಉತ್ತರವನ್ನು ಒತ್ತಿದ ಕ್ಷಣದಲ್ಲಿಯೇ ಪರದೆಯ ಮೇಲೆ ಹಸಿರು ಗುರುತೋ ಕೆಂಪು ಗುರುತೋ ಮೂಡುತ್ತದೆ. ಈ ಹಸಿರು ಗುರುತಿನ ವಿಷಯಕ್ಕೆ ಆಮೇಲೆ ಬರೋಣ.

ಎರಡು ನಮೂದುಗಳ ನಿಯಮ

ಮೊದಲ ವಾರದ ಪಾಠವೇ ಲೆಕ್ಕಶಾಸ್ತ್ರದ ತಳಹದಿ. ಯಾವ ವ್ಯವಹಾರವನ್ನಾದರೂ ಎರಡು ಕಡೆ ಬರೆಯಬೇಕೆಂಬ ಈ ಪದ್ಧತಿಯನ್ನು ಇಟಲಿಯ ವರ್ತಕರು ಬಹುಕಾಲದಿಂದ ಬಳಸುತ್ತಿದ್ದರು. ಜೆನೋವಾ ನಗರದ 1340ರ ಖಾತಾಪುಸ್ತಕಗಳಲ್ಲಿ ಅದರ ಕುರುಹುಂಟು. ಲೂಕಾ ಪಾಚೋಲಿ ಎಂಬ ಕ್ರೈಸ್ತ ಸಂನ್ಯಾಸಿಯು 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ತನ್ನ ಗಣಿತಗ್ರಂಥದ ಒಂದು ಭಾಗದಲ್ಲಿ ಅದನ್ನು ಕ್ರಮವಾಗಿ ವಿವರಿಸಿದನು. ಲೆಕ್ಕಪತ್ರವು ಗಣಿತದ ಮನೆಯಲ್ಲಿಯೇ ಹುಟ್ಟಿಬೆಳೆದ ಕೂಸೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ನೆನಪಿಡಬೇಕು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬರು ಸ್ವಂತ ಹಣ 50,000 ರೂಪಾಯಿ ಹಾಕಿ, ಬ್ಯಾಂಕಿನಿಂದ 30,000 ರೂಪಾಯಿ ಸಾಲ ತಂದು, ಜೆರಾಕ್ಸ್ ಅಂಗಡಿ ತೆರೆದರೆನ್ನಿ. 60,000 ರೂಪಾಯಿಗೆ ಯಂತ್ರ ಕೊಂಡರು. ಕೈಯಲ್ಲಿ 20,000 ಉಳಿಯಿತು. ಅಂಗಡಿಯ ಆಸ್ತಿ, ಯಂತ್ರ ಮತ್ತು ನಗದು ಸೇರಿ 80,000. ಆ ಆಸ್ತಿಯ ಮೇಲೆ ಹಕ್ಕುಳ್ಳವರು ಯಾರು? ಬ್ಯಾಂಕಿಗೆ 30,000, ಒಡೆಯರಿಗೆ 50,000, ಅದೂ 80,000. ಮರುದಿನ ಪ್ರತಿ ತೆಗೆದುಕೊಟ್ಟು 500 ರೂಪಾಯಿ ಸಂಪಾದಿಸಿದರೆ ನಗದೂ 500 ಏರುತ್ತದೆ, ಒಡೆಯರ ಹಕ್ಕೂ 500 ಏರುತ್ತದೆ. ಏನೇ ನಡೆದರೂ ಆಸ್ತಿಯ ಮೊತ್ತವು ಸಾಲ ಮತ್ತು ಬಂಡವಾಳಗಳ ಮೊತ್ತಕ್ಕೆ ಸಮನಾಗಿಯೇ ಇರಬೇಕು.

ಆಸ್ತಿ ಹೆಚ್ಚಿದರೆ ಎಡಗಡೆ ಬರೆಯಬೇಕು, ಅದು ಡೆಬಿಟ್. ಸಾಲವೋ ಬಂಡವಾಳವೋ ಹೆಚ್ಚಿದರೆ ಬಲಗಡೆ ಬರೆಯಬೇಕು, ಅದು ಕ್ರೆಡಿಟ್. ಇಲ್ಲಿಯೇ ನಾನು ಮೊದಲು ಎಡವಿದುದು. ಸಂಬಳ ಬಂದಾಗಲೆಲ್ಲ ‘ನಿಮ್ಮ ಖಾತೆಗೆ ಕ್ರೆಡಿಟ್ ಆಗಿದೆ’ ಎಂದು ಬ್ಯಾಂಕಿನಿಂದ ಸಂದೇಶ ಬರುತ್ತದೆ. ಹಾಗಾದರೆ ಹಣ ಬರುವುದೆಂದರೆ ಕ್ರೆಡಿಟ್ ತಾನೆ? ಅಲ್ಲ. ಆ ಮಾತು ಬ್ಯಾಂಕಿನ ಪುಸ್ತಕದ್ದು. ನಮ್ಮ ಹಣ ಅದರ ಪಾಲಿಗೆ ನಮಗೆ ತೀರಿಸಬೇಕಾದ ಸಾಲ. ಸಾಲ ಹೆಚ್ಚಿತಾದುದರಿಂದ ಅದು ಬಲಗಡೆ ಬರೆಯಿತು. ಅದೇ ಹಣ ನಮ್ಮ ಪುಸ್ತಕದಲ್ಲಿ ಆಸ್ತಿ; ಅದನ್ನು ನಾವು ಎಡಗಡೆ ಬರೆಯಬೇಕು. ರೈಲಿನಲ್ಲಿ ಕುಳಿತವನಿಗೆ ಮರವು ಹಿಂದಕ್ಕೆ ಓಡುತ್ತದೆ, ಮರದ ಕೆಳಗೆ ನಿಂತವನಿಗೆ ರೈಲು ಮುಂದಕ್ಕೆ ಓಡುತ್ತದೆ ಎಂದು ಪ್ರತಿವರ್ಷವೂ ತರಗತಿಯಲ್ಲಿ ಹೇಳುವ ನಾನು, ಲೆಕ್ಕದಲ್ಲಿಯೂ ಎಲ್ಲಿ ನಿಂತು ನೋಡುತ್ತಿದ್ದೇವೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕೆಂಬುದನ್ನು ಮರೆತಿದ್ದೆ.

ಒಂಬತ್ತರ ಗುಟ್ಟು

ಎಲ್ಲ ಖಾತೆಗಳ ಶಿಲ್ಕನ್ನೂ ಎರಡು ಅಂಕಣಗಳಲ್ಲಿ ಬರೆದು ಕೂಡಿದರೆ ಮೊತ್ತಗಳು ಸಮನಾಗಬೇಕು. ಇದೇ ತಾಳೆಪಟ್ಟಿ. ಮೂರನೆಯ ವಾರದ ಅಭ್ಯಾಸವನ್ನು ಕಾಗದದ ಮೇಲೆ ಮಾಡಿದಾಗ ನನ್ನ ಪಟ್ಟಿಯಲ್ಲಿ 270 ರೂಪಾಯಿಗಳ ಅಂತರ ಬಂದಿತು. ಎರಡು ಬಾರಿ ಕೂಡಿದರೂ ಅದೇ 270. ಆಗ ಪಾಠದಲ್ಲಿ ಹೇಳಿದ್ದ ಉಪಾಯವೊಂದು ನೆನಪಾಯಿತು: ಅಂತರವು 9ರಿಂದ ಭಾಗವಾಗುವುದೋ ನೋಡು, ಭಾಗವಾದರೆ ಎಲ್ಲಿಯೋ ಎರಡು ಅಂಕಿಗಳು ಅದಲುಬದಲಾಗಿರಬಹುದು.

ಇದರ ಕಾರಣ ಸುಲಭವಾದ ಬೀಜಗಣಿತ. ಹತ್ತರ ಸ್ಥಾನದಲ್ಲಿ ‘ಅ’, ಬಿಡಿಸ್ಥಾನದಲ್ಲಿ ‘ಬ’ ಇರುವ ಸಂಖ್ಯೆಯ ಬೆಲೆ 10ಅ + ಬ. ತಿರುವುಮುರುವಾದರೆ 10ಬ + ಅ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು 9 × (ಅ – ಬ). ನೂರು ಮತ್ತು ಹತ್ತರ ಸ್ಥಾನಗಳು ಬದಲಾದರೆ 90 × (ಅ – ಬ). 270ನ್ನು 90ರಿಂದ ಭಾಗಿಸಿದರೆ 3. ಆದುದರಿಂದ ನೂರರ ಮತ್ತು ಹತ್ತರ ಸ್ಥಾನಗಳಲ್ಲಿ 3ರ ವ್ಯತ್ಯಾಸವುಳ್ಳ ಅಂಕಿಗಳಿರುವ ಮೊತ್ತವನ್ನು ಹುಡುಕಿದೆ. ಐದು ನಿಮಿಷದಲ್ಲಿ ಕಳ್ಳ ಸಿಕ್ಕಿತು: 1,520 ಎಂದಿರಬೇಕಾದಲ್ಲಿ 1,250 ಎಂದು ಬರೆದಿದ್ದೆ!

ತಾಳೆಯಾಗದ ಲೆಕ್ಕವು ಹೀಗೆ ತಾನೇ ಬಾಯಿಬಿಟ್ಟು ಸುಳಿವು ಕೊಡುತ್ತದೆ. ಭೌತವಿಜ್ಞಾನದಲ್ಲಿಯೂ ಇಂತಹುದು ನಡೆದಿದೆ. ಕೆಲವು ಪರಮಾಣು ಬೀಜಗಳಿಂದ ಎಲೆಕ್ಟ್ರಾನು ಸಿಡಿಯುವ ಬೀಟಾ ಕ್ಷಯದಲ್ಲಿ, ಹೊರಬಂದ ಶಕ್ತಿಯ ಲೆಕ್ಕ ಕೂಡಿಬರುತ್ತಿರಲಿಲ್ಲ. ಸದಾ ಸ್ವಲ್ಪ ಕಡಿಮೆ. ಶಕ್ತಿಸಂರಕ್ಷಣೆಯ ನಿಯಮವನ್ನೇ ಸಡಿಲಿಸಬೇಕಾದೀತೆಂದು ನೀಲ್ಸ್ ಬೋರನಂತಹ ಪ್ರಾಜ್ಞನೂ ಯೋಚಿಸಿದ್ದನು. 1930ರಲ್ಲಿ ವೋಲ್ಫ್‌ಗಾಂಗ್ ಪೌಲಿಯು, ಕಣ್ಣಿಗೆ ಬೀಳದ ಕಣವೊಂದು ಉಳಿದ ಶಕ್ತಿಯನ್ನು ಒಯ್ಯುತ್ತಿರಬೇಕೆಂದು ಸೂಚಿಸಿದನು. ಲೆಕ್ಕಿಗರ ಮಾತಿನಲ್ಲಿ ಹೇಳುವುದಾದರೆ, ವಿವರ ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಅಮಾನತು ಖಾತೆಗೆ ಹಾಕಿದನು. ಆ ಖಾತೆ ಇತ್ಯರ್ಥವಾದುದು 26 ವರ್ಷಗಳ ಮೇಲೆ: 1956ರಲ್ಲಿ ಕ್ಲೈಡ್ ಕೋವನ್ ಮತ್ತು ಫ್ರೆಡರಿಕ್ ರೈನ್ಸ್ ಅವರು ನ್ಯೂಟ್ರಿನೊ ಇರುವುದನ್ನು ಪ್ರಯೋಗದಿಂದ ತೋರಿಸಿಕೊಟ್ಟರು.

ಹಸಿರು ಗುರುತಿನ ಭ್ರಮೆ

ಇಷ್ಟಾದ ಮೇಲೆ ನನಗೆ ಹುರುಪು ಬಂದಿತು. ಹುರುಪಿನೊಡನೆ ಸೋಮಾರಿತನವೂ ಬಂದಿತೆನ್ನಬೇಕು. ಕಾಗದ, ಲೇಖನಿಗಳನ್ನು ಬದಿಗಿಟ್ಟು, ಉಪನ್ಯಾಸಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡತೊಡಗಿದೆ. ನೋಡುವಾಗ ಎಲ್ಲವೂ ತಿಳಿದಂತೆಯೇ ಇರುತ್ತಿತ್ತು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳಿಗೆ ಹಸಿರು ಗುರುತುಗಳು ಸಾಲುಸಾಲಾಗಿ ಬೀಳುತ್ತಿದ್ದುವು. ಹಾಗೆ ಕಲಿತ ಅಧ್ಯಾಯಗಳಲ್ಲಿ ಮುಖ್ಯವಾದುದೊಂದಿತ್ತು: ತಾಳೆಪಟ್ಟಿಯು ತೋರಿಸಿಕೊಡಲಾರದ ತಪ್ಪುಗಳು.

ಓದಿದುದನ್ನೇ ಮತ್ತೆ ಮತ್ತೆ ನೋಡಿದಾಗ ಹುಟ್ಟುವ ‘ತಿಳಿಯಿತು’ ಎಂಬ ಭಾವನೆ ಎಷ್ಟು ನಂಬತಕ್ಕದ್ದು? ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಇದನ್ನು ಪರೀಕ್ಷಿಸಿದರು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಓದಿ ಮತ್ತೊಮ್ಮೆ ಓದಿದರು. ಇತರರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಎರಡು ಬಾರಿ ಓದಿದವರದೇ ಮೇಲುಗೈ. ಆದರೆ ಒಂದು ವಾರದ ಮೇಲೆ ಅವರಿಗೆ ಪಾಠದಲ್ಲಿ ನೂರಕ್ಕೆ ಸುಮಾರು 42 ಪಾಲು ನೆನಪಿದ್ದರೆ, ಬರೆದುನೋಡಿದವರಿಗೆ 56 ಪಾಲು ನೆನಪಿತ್ತು. ಕಲಿಯುವಾಗ ಸುಲಭವೆನಿಸಿದುದು ಬಹುಕಾಲ ಉಳಿಯುವುದೆಂಬ ಭರವಸೆಯಿಲ್ಲ.

ತಾಳೆಯಾದ ತಪ್ಪು

ಪಾಠಕ್ರಮ ಮುಗಿಯಿತು, ಪ್ರಮಾಣಪತ್ರ ಬಂದಿತು, ಸಂಘದ ಪುಸ್ತಕಗಳನ್ನು ನಾನೇ ಬರೆಯತೊಡಗಿದೆ. ವರ್ಷಾಂತ್ಯದಲ್ಲಿ ಎರಡು ಅಂಕಣಗಳೂ ಪೈಸೆ ಬಿಡದೆ ತಾಳೆಯಾದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅದೇ ಪುಸ್ತಕದಿಂದ ಸುಸ್ತಿದಾರರ ಪಟ್ಟಿಯನ್ನು ತೆಗೆದು ಆಡಳಿತ ಮಂಡಳಿಯ ಮುಂದೆ ಓದಿದೆ. ಅದರಲ್ಲಿ ನಮ್ಮ ಪ್ರಯೋಗಶಾಲೆಯ ಅಟೆಂಡರ್ ಒಬ್ಬರ ಹೆಸರೂ ಇತ್ತು. ಮಗಳ ಕಾಲೇಜು ಶುಲ್ಕಕ್ಕಾಗಿ ಅವರು ಹೊಸ ಸಾಲ ಕೇಳಿದ್ದರು. ಕಂತು ಬಾಕಿಯಿರುವವರಿಗೆ ಸಾಲವಿಲ್ಲವೆಂಬುದು ನಿಯಮ, ಅರ್ಜಿ ತಡೆಯಾಯಿತು.

ಹತ್ತು ದಿನಗಳ ಮೇಲೆ ಅವರು ನನ್ನ ಕೊಠಡಿಯ ಬಾಗಿಲಲ್ಲಿ ನಿಂತರು. “ನಾನು ಸುಸ್ತಿದಾರ ಅಲ್ಲ ಸಾರ್. ಡಿಸೆಂಬರ್ ಕಂತು ಕಟ್ಟಿದ್ದೇನೆ. ರಸೀದಿ ಇದೆ, ನೋಡಿ” ಎಂದು ನಾಲ್ಕಾಗಿ ಮಡಿಸಿದ ಚೀಟಿಯನ್ನು ಮೇಜಿನ ಮೇಲಿಟ್ಟರು. 2,000 ರೂಪಾಯಿಗೆ ನಾನೇ ಸಹಿ ಹಾಕಿಕೊಟ್ಟ ರಸೀದಿ! ಪುಸ್ತಕ ತೆರೆದು ನೋಡಿದರೆ, ಆ ಹಣವನ್ನು ಅದೇ ಹೆಸರಿನ ಮತ್ತೊಬ್ಬ ಸದಸ್ಯರ ಸಾಲದ ಖಾತೆಗೆ ಏರಿಸಿದ್ದೆ. ನಗದು ಸರಿಯಾಗಿತ್ತು, ಒಟ್ಟು ಸಾಲದ ಮೊತ್ತವೂ ಸರಿಯಾಗಿತ್ತು; ಮನುಷ್ಯ ಮಾತ್ರ ತಪ್ಪಾಗಿದ್ದನು. ತಾಳೆಪಟ್ಟಿಗೆ ಅದು ಕಾಣುವುದು ಹೇಗೆ?

ಒಡನೆಯೇ ತಿದ್ದುಪಡಿಯ ನಮೂದನ್ನು ಬರೆದೆ: ಮತ್ತೊಬ್ಬ ಸದಸ್ಯರ ಖಾತೆಗೆ 2,000 ಡೆಬಿಟ್, ಇವರ ಖಾತೆಗೆ 2,000 ಕ್ರೆಡಿಟ್. ಹಳೆಯ ನಮೂದನ್ನು ಅಳಿಸಲಿಲ್ಲ. ಲೆಕ್ಕಪತ್ರದಲ್ಲಿ ತಪ್ಪನ್ನು ಅಳಿಸುವ ವಾಡಿಕೆಯಿಲ್ಲ, ತಿದ್ದಿದುದು ಕಾಣುವಂತೆ ತಿದ್ದಬೇಕು. ಮಂಡಳಿಯ ಮುಂದೆ ತಪ್ಪೊಪ್ಪಿಕೊಂಡು ಸಾಲ ಮಂಜೂರು ಮಾಡಿಸಿದೆ. ಆದರೆ ಅಷ್ಟರಲ್ಲಿ ಶುಲ್ಕದ ಗಡುವು ಮುಗಿಯುತ್ತ ಬಂದಿದ್ದರಿಂದ, ಅವರು ಹೊರಗಿನವರಲ್ಲಿ ಹೆಚ್ಚಿನ ಬಡ್ಡಿಗೆ ಕೈಸಾಲ ತಂದಾಗಿತ್ತು. ಆ ಬಡ್ಡಿಯನ್ನು ನಾನು ಕೊಡಲು ಹೋದೆ. “ಬೇಡಿ ಸಾರ್. ಆ ಪಟ್ಟೀಲಿ ನನ್ನ ಹೆಸರು ಓದಿದಿರಲ್ಲ, ಹಾಗೇ ಎಲ್ಲರ ಮುಂದೆ ತೆಗೆದುಬಿಡಿ” ಎಂದರು. ಮುಂದಿನ ಸಭೆಯಲ್ಲಿ ಅದನ್ನೂ ಮಾಡಿದೆ.

ಅಂದು ರಾತ್ರಿ ಆ ಬಿಟ್ಟುಹೋದ ಅಧ್ಯಾಯವನ್ನು ಲೇಖನಿ ಹಿಡಿದು ಮತ್ತೆ ಕಲಿತೆ. ತಾಳೆಪಟ್ಟಿಗೆ ಕಾಣದ ತಪ್ಪುಗಳು ಹಲವು: ವ್ಯವಹಾರವನ್ನು ಪೂರ್ತಿಯಾಗಿ ಬರೆಯದೆ ಬಿಡುವುದು, ಒಬ್ಬರ ಹಣವನ್ನು ಇನ್ನೊಬ್ಬರ ಖಾತೆಗೆ ಏರಿಸುವುದು, ಯಂತ್ರ ಕೊಂಡ ಹಣವನ್ನು ದಿನದ ಖರ್ಚೆಂದು ಬರೆಯುವುದು, ಮೊದಲ ನಮೂದಿನಲ್ಲಿಯೇ ಮೊತ್ತವನ್ನು ತಪ್ಪಾಗಿ ಹಿಡಿಯುವುದು, ಒಂದು ತಪ್ಪು ಮತ್ತೊಂದನ್ನು ಸರಿದೂಗಿಸಿಬಿಡುವುದು. ಇವನ್ನು ಹಿಡಿಯಬೇಕಾದರೆ ಪುಸ್ತಕದಿಂದ ಹೊರಕ್ಕೆ ಬರಬೇಕು. ರಸೀದಿಯೊಡನೆ, ಬ್ಯಾಂಕಿನ ಲೆಕ್ಕದೊಡನೆ, ಸದಸ್ಯರ ಪಾಸ್‌ಪುಸ್ತಕದೊಡನೆ ಹೋಲಿಸಿ ನೋಡಬೇಕು.

ಸಮತೆಯ ಬೆಲೆ

ಪ್ರಕೃತಿಯ ನಿಯಮಕ್ಕೂ ಲೆಕ್ಕಿಗರ ನಿಯಮಕ್ಕೂ ಇರುವ ಭೇದ ಆಗ ನನಗೆ ಸ್ಪಷ್ಟವಾಯಿತು. ಶಕ್ತಿಯು ಸಂರಕ್ಷಿತವೆಂಬುದು ಪ್ರಯೋಗದ ಒರೆಗಲ್ಲಿಗೆ ಹಚ್ಚಿ ಕಂಡುಕೊಂಡ ಸಂಗತಿ. ಜಮೆಯೂ ಖರ್ಚೂ ಸಮವೆಂಬುದು ನಾವೇ ಮಾಡಿಕೊಂಡ ಕಟ್ಟಳೆ. ಪ್ರತಿಯೊಂದನ್ನೂ ಎರಡು ಕಡೆ ಬರೆದ ಮೇಲೆ ಮೊತ್ತಗಳು ಸಮನಾಗದೆ ಇನ್ನೇನಾದೀತು? ಆ ಸಮತೆಯಿಂದ ನಾವು ಕಟ್ಟಳೆಯನ್ನು ಪಾಲಿಸಿದ್ದೇವೆಂದು ಮಾತ್ರ ತಿಳಿಯುತ್ತದೆ; ಬರೆದುದು ನಿಜವೆಂದು ತಿಳಿಯುವುದಿಲ್ಲ. ಹಸಿರು ಗುರುತೂ ಅಂತಹುದೇ ಒಂದು ತಾಳೆ. ಉತ್ತರವು ಉತ್ತರಪಟ್ಟಿಗೆ ಹೊಂದಿತೆಂದು ಅದು ಹೇಳುತ್ತದೆ. ವಿಷಯವು ನಮ್ಮದಾಯಿತೆಂದು ಹೇಳಲಾರದು.

ಇದರಿಂದ ದೂರಶಿಕ್ಷಣವು ನಿರುಪಯುಕ್ತವೆಂದು ಯಾರೂ ಭಾವಿಸಬಾರದು. ಅದಿಲ್ಲದಿದ್ದರೆ ನನ್ನಂತಹವನಿಗೆ ಈ ಶಾಸ್ತ್ರದ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಹಳ್ಳಿಯಲ್ಲಿದ್ದು ಓದುವ, ದುಡಿಯುತ್ತ ಓದುವ ಎಷ್ಟೋ ತರುಣರಿಗೆ ಅದೊಂದು ವರದಾನ. ಆದರೆ ಪಿಟ್‌ಮನ್ನನಂತೆ ಸಾಲುಸಾಲನ್ನೂ ತಿದ್ದುವ ಗುರು ಎದುರಿಗಿಲ್ಲದ ಕಡೆ ಆ ಕೆಲಸವನ್ನು ಕಲಿಯುವವನೇ ಮಾಡಿಕೊಳ್ಳಬೇಕು. ಒಂದು ಉಪನ್ಯಾಸ ಮುಗಿದೊಡನೆ ಪರದೆಯನ್ನು ಆರಿಸಿ, ಬಿಳಿಯ ಹಾಳೆಯ ನಡುವೆ ಗೆರೆಯೆಳೆದು, ಮನೆಯ ಒಂದು ದಿನದ ಖರ್ಚನ್ನೋ ಓಣಿಯ ಅಂಗಡಿಯ ವ್ಯವಹಾರವನ್ನೋ ಎರಡು ಕಡೆ ಬರೆದುನೋಡಿ. ಮೊತ್ತಗಳು ತಾಳೆಯಾಗದಿದ್ದರೆ ಒಂಬತ್ತರಿಂದ ಭಾಗಿಸಿರಿ. ತಾಳೆಯಾದರೆ ರಸೀದಿಗಳನ್ನು ಹೊರಕ್ಕೆ ತೆಗೆಯಿರಿ.

ನಮ್ಮ ಸಂಘದಲ್ಲಿ ಈಗ ಪ್ರತಿ ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬ ಸದಸ್ಯರಿಗೂ ಅವರವರ ಬಾಕಿಯನ್ನು ಬರೆದುಕೊಟ್ಟು, ‘ಸರಿಯಿದೆ’ ಎಂದು ಅವರಿಂದ ಸಹಿ ಪಡೆಯುತ್ತೇವೆ. ಮೊದಲ ಬಾರಿಗೆ ಚೀಟಿಗಳನ್ನು ಹಂಚಿದಾಗ ಆ ಅಟೆಂಡರ್ ತಮ್ಮ ಪಾಲಿನ ಚೀಟಿಯನ್ನು ಎರಡು ಬಾರಿ ಓದಿ, ಜೇಬಿನಿಂದ ರಸೀದಿಗಳನ್ನು ತೆಗೆದು ಒಂದೊಂದಾಗಿ ಹೋಲಿಸಿ, ಅನಂತರವೇ ಸಹಿ ಹಾಕಿದರು. ಲೆಕ್ಕಪರಿಶೋಧನೆಯೆಂದರೇನೆಂಬುದನ್ನು ಅಷ್ಟು ಚೆನ್ನಾಗಿ ನನಗೆ ಯಾವ ಉಪನ್ಯಾಸವೂ ತೋರಿಸಿಕೊಟ್ಟಿರಲಿಲ್ಲ.