ಗಟ್ಟಿ ಎಂದರೆ ಹಾರ್ಡೋ, ಸ್ಟ್ರಾಂಗೋ, ಟಫ್ಫೋ?

ಗಟ್ಟಿ ಮೊಸರು, ಗಟ್ಟಿ ದನಿ, ಗಟ್ಟಿ ಹಗ್ಗ, ಗಟ್ಟಿ ಕಬ್ಬಿಣ, ಗಟ್ಟಿ ಆಳು. ಕನ್ನಡಿಗರಿಗೆ ಒಂದೇ ‘ಗಟ್ಟಿ’ಯಲ್ಲಿ ಇಷ್ಟೂ ವ್ಯವಹಾರ ಸಲೀಸಾಗಿ ನಡೆದುಹೋಗುತ್ತದೆ. ಇಂಗ್ಲಿಷಿನಲ್ಲಿ ಹಾಗೆ ನಡೆಯುವುದಿಲ್ಲ. ಅಲ್ಲಿ ಮೊಸರು ‘ಥಿಕ್’, ದನಿ ‘ಲೌಡ್’, ಹಗ್ಗ ‘ಸ್ಟ್ರಾಂಗ್’. ಮೊಸರು ‘ಹಾರ್ಡ್’ ಆಗಿದೆ ಎಂದರೆ ಕೇಳಿದವರು ಅದು ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿ ಕಲ್ಲಾಗಿದೆ ಎಂದುಕೊಂಡಾರು.

ಹಾಗೆಂದು ಕನ್ನಡ ಬಡಭಾಷೆಯೇನಲ್ಲ. ಇಂಗ್ಲಿಷಿನವರ ಒಂದು ‘ಹಾಟ್’ ನಮ್ಮಲ್ಲಿ ಕಾಫಿಗೆ ಬಿಸಿ, ಮೆಣಸಿನಕಾಯಿಗೆ ಖಾರ, ಏಪ್ರಿಲ್ ತಿಂಗಳಿಗೆ ಸೆಕೆ. ಯಾವ ಭಾಷೆ ಎಲ್ಲಿ ಗೆರೆ ಎಳೆಯುತ್ತದೆ ಎಂಬುದು ಆಯಾ ಭಾಷೆಯ ಮರ್ಜಿ. ತೊಂದರೆ ಬರುವುದು ಒಂದು ಭಾಷೆಯ ಗೆರೆಯನ್ನು ಇನ್ನೊಂದರ ಮೇಲಿಟ್ಟು, ಎರಡೂ ಸರಿಯಾಗಿ ಕೂಡುತ್ತವೆ ಎಂದು ನಂಬಿದಾಗ.

ಈ ತೊಂದರೆಯ ನಿಜವಾದ ಬಿಸಿ ತಟ್ಟುವುದು ಲಗ್ಗೆರೆಯಂಥ ಬಡಾವಣೆಯ ಮಕ್ಕಳಿಗೆ. ಒಂದು ಕಡೆ ಹೊರವರ್ತುಲ ರಸ್ತೆ, ಇನ್ನೊಂದು ಕಡೆ ಪೀಣ್ಯ ಕೈಗಾರಿಕಾ ಪ್ರದೇಶ. ನಡುವಿನ ಬೀದಿಗಳಲ್ಲಿ ಲೇತು, ಡ್ರಿಲ್ಲಿಂಗು, ವೆಲ್ಡಿಂಗು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರು ಪಿಯುಸಿ ವಿಜ್ಞಾನಕ್ಕೋ, ಐಟಿಐಗೋ, ಡಿಪ್ಲೊಮಾಗೋ ಸೇರುತ್ತಾರೆ. ರಾಜಾಜಿನಗರ ಕೈಗಾರಿಕಾ ಎಸ್ಟೇಟಿನಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ಸೇರುವ ಆಸೆ ಇಟ್ಟುಕೊಂಡವರೂ ಉಂಟು. ಅಲ್ಲಿ ಪುಸ್ತಕವೆಲ್ಲ ಇಂಗ್ಲಿಷು. ‘ಹಾರ್ಡ್, ಸ್ಟ್ರಾಂಗ್, ಟಫ್ — ಇವುಗಳ ವ್ಯತ್ಯಾಸ ತಿಳಿಸಿ’ ಎಂಬ ಪ್ರಶ್ನೆ. ನಿಘಂಟು ತೆರೆದರೆ ಮೂರಕ್ಕೂ ಗಟ್ಟಿ, ಬಲವಾದ, ಕಠಿಣ ಎಂಬ ಅರ್ಥಗಳೇ ಹಿಂದುಮುಂದಾಗಿ ಸಿಗುತ್ತವೆ. ವಿದ್ಯಾರ್ಥಿ ಮೂರು ಸಾಲು ಬಾಯಿಪಾಠ ಮಾಡುತ್ತಾನೆ. ಮುಂದಿನ ವಾರ ಯಾವ ಸಾಲು ಯಾವುದಕ್ಕೆ ಎಂಬುದು ಮರೆತಿರುತ್ತದೆ.

ತಮಾಷೆಯೆಂದರೆ, ಉತ್ತರ ಬೀದಿಯ ವರ್ಕ್‌ಶಾಪಿನಲ್ಲೇ ಬಿದ್ದಿರುತ್ತದೆ. ಕಬ್ಬಿಣ ಉಜ್ಜುವ ಅರವನ್ನು ನೋಡಿ. ಅದು ಗಾಜಿನ ಮೇಲೂ ಗೀರು ಹಾಕಬಲ್ಲದು. ಅದರ ಮೇಲೆ ಗೀರು ಹಾಕುವುದು ಸುಲಭವಲ್ಲ. ಇದು ‘ಹಾರ್ಡ್’. ಗೀರಿದರೆ, ಒತ್ತಿದರೆ ಗುರುತು ಬೀಳುತ್ತದೆಯೇ ಎಂಬ ಪ್ರಶ್ನೆಗೆ ಈ ಪದ ಉತ್ತರ. ಆದರೆ ಅದೇ ಅರವನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಬಡಿದರೆ ಬಾಗುವುದಿಲ್ಲ, ಲಟಕ್ಕನೆ ಮುರಿಯುತ್ತದೆ. ಅಂದರೆ ಅದು ಹಾರ್ಡ್, ಆದರೆ ‘ಟಫ್’ ಅಲ್ಲ. ಪೆಟ್ಟನ್ನು ನುಂಗಿಕೊಳ್ಳುವ ಗುಣವೇ ಟಫ್. ಲಾರಿಯ ಟೈರು ಟಫ್, ಆದರೆ ಉಗುರಿನಲ್ಲಿ ಒತ್ತಿದರೂ ತಗ್ಗುವಷ್ಟು ಮೆದು. ಇನ್ನು ‘ಸ್ಟ್ರಾಂಗ್’ ಎಂಬುದು ಭಾರ ಹೊರುವ ಲೆಕ್ಕ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಮೈಲ್ಡ್ ಸ್ಟೀಲ್ ತಂತಿಗೆ ಸುಮಾರು 40 ಕಿಲೋ ಜಗ್ಗಿದರೆ ಅದು ತುಂಡಾಗುವ ಹಂತಕ್ಕೆ ಬರುತ್ತದೆ. ನೈಲಾನ್ ಹಗ್ಗ ಸ್ಟ್ರಾಂಗ್. ಅದನ್ನು ಹಾರ್ಡ್ ಎನ್ನುವವರಿಲ್ಲ.

ಇವು ಬರಿಯ ಮಾತಿನ ಚಮತ್ಕಾರಗಳಲ್ಲ, ಪ್ರತಿಯೊಂದಕ್ಕೂ ಬೇರೆ ಬೇರೆ ಯಂತ್ರವೇ ಇದೆ. ಹಾರ್ಡ್ ಎಷ್ಟು ಎಂದು ರಾಕ್‌ವೆಲ್ ಯಂತ್ರ ಮೊನೆಯೊತ್ತಿ ನೋಡುತ್ತದೆ. ಸ್ಟ್ರಾಂಗ್ ಎಷ್ಟು ಎಂದು ಇನ್ನೊಂದು ಯಂತ್ರ ಜಗ್ಗಿ ನೋಡುತ್ತದೆ. ಟಫ್ ಎಷ್ಟು ಎಂದು ಚಾರ್ಪಿ ಪರೀಕ್ಷೆಯಲ್ಲಿ ಲೋಲಕದಂತೆ ತೂಗುವ ಸುತ್ತಿಗೆ ಹೊಡೆದು ನೋಡುತ್ತದೆ. ಕೆಂಪಗೆ ಕಾದ ಉಕ್ಕನ್ನು ನೀರಿಗೋ ಎಣ್ಣೆಗೋ ಅದ್ದಿದರೆ ಅದು ಹಾರ್ಡ್ ಆಗುತ್ತದೆ, ಜತೆಗೆ ಪೆಡಸೂ ಆಗುತ್ತದೆ. ಮತ್ತೆ ಹದವಾಗಿ ಕಾಯಿಸಿ ‘ಟೆಂಪರ್’ ಮಾಡಿದರೆ ಸ್ವಲ್ಪ ಹಾರ್ಡ್ ಬಿಟ್ಟುಕೊಟ್ಟು ಟಫ್ ಪಡೆಯುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವ ವ್ಯಾಪಾರವಿದು. ಎರಡೂ ಪದ ಒಂದೇ ಎಂದುಕೊಂಡವನಿಗೆ ಈ ವ್ಯಾಪಾರ ಅರ್ಥವಾಗುವುದು ಹೇಗೆ?

1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ತೈಲ ಹಡಗು ಶಾಂತವಾದ ನೀರಿನಲ್ಲಿ, ದಕ್ಕೆಯ ಪಕ್ಕ ನಿಂತಿದ್ದಂತೆಯೇ ಭಾರಿ ಸದ್ದಿನೊಡನೆ ನಡುವೆ ಬಿರಿದುಹೋಯಿತು. ಅದರ ಉಕ್ಕು ಸ್ಟ್ರಾಂಗ್ ಇತ್ತು. ಚಳಿಯಲ್ಲಿ ಟಫ್ ಇರಲಿಲ್ಲ.

ಪರೀಕ್ಷೆ ಮುಗಿಸಿ ಬಂದ ಮಕ್ಕಳು ‘ಪೇಪರ್ ಟಫ್’ ಎನ್ನುತ್ತಾರೆ. ‘ಹಾರ್ಡ್’ ಎಂದರೂ ತಪ್ಪಿಲ್ಲ. ಪ್ರಶ್ನೆಪತ್ರಿಕೆಯ ಮಟ್ಟಿಗೆ ಎರಡೂ ಒಂದೇ. ‘ಪೇಪರ್ ಸ್ಟ್ರಾಂಗ್’ ಎಂದರೆ ಮಾತ್ರ ಎಳೆದರೂ ಹರಿಯದ ಕಾಗದ ಎಂದಾಗುತ್ತದೆ. ಯಾವ ನಾಮಪದದ ಮುಂದೆ ನಿಂತಿದೆ ಎಂಬುದರ ಮೇಲೆ ಗುಣವಾಚಕದ ಅರ್ಥ ಹೀಗೆ ಜರುಗುತ್ತದೆ. ಆದ್ದರಿಂದಲೇ ಅವೆನ್ಯೂ ರಸ್ತೆಯಲ್ಲಿ ಸಿಗುವ ಗೈಡುಗಳ ಸಮಾನಾರ್ಥಕ ಪದಗಳ ಪಟ್ಟಿ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ ಎನ್ನಬೇಕು. ಬಿಡಿ ಪದವನ್ನು ಬರೆದುಕೊಳ್ಳುವ ಬದಲು ‘ಹಾರ್ಡ್ ಫೈಲ್, ಟಫ್ ಟೈರ್, ಸ್ಟ್ರಾಂಗ್ ರೋಪ್’ ಎಂದು ವಸ್ತುವಿನ ಸಮೇತ ಬರೆದುಕೊಳ್ಳುವುದು ಒಳ್ಳೆಯದು. ಪೋಷಕರಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಲೇತಿನ ಮುಂದೆ ಇಪ್ಪತ್ತು ವರ್ಷ ನಿಂತ ತಂದೆಗೆ ಯಾವ ಉಕ್ಕು ಗೀರು ತಾಳುತ್ತದೆ, ಯಾವುದು ಪೆಟ್ಟು ತಾಳುತ್ತದೆ ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು. ಮಗ ಕೇಳಬೇಕು, ಅಷ್ಟೆ.

ವರ್ಕ್‌ಶಾಪಿನದೇ ಇನ್ನೊಂದು ಜೋಡಿ, ‘ಆಕ್ಯುರೇಟ್’ ಮತ್ತು ‘ಪ್ರಿಸೈಸ್’. ಕನ್ನಡದಲ್ಲಿ ಎರಡನ್ನೂ ‘ನಿಖರ’ ಎಂದುಬಿಡುತ್ತೇವೆ. ಸರಿಯಾಗಿ 10 ಮಿಲಿಮೀಟರ್ ಇರುವ ಪಿನ್ನನ್ನು ವರ್ನಿಯರ್‌ನಲ್ಲಿ ಮೂರು ಸಲ ಅಳೆದಾಗ 10.12, 10.14, 10.12 ಬಂತೆನ್ನಿ. ಅಳತೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಪ್ರಿಸೈಸ್. ಆದರೆ ನಿಜದಿಂದ ದೂರ, ಆಕ್ಯುರೇಟ್ ಅಲ್ಲ. ಉಪಕರಣದ ಶೂನ್ಯದೋಷ ಹೀಗೆಯೇ ಮೋಸ ಮಾಡುವುದು. ಬದಲಿಗೆ 9.90, 10.10, 10.00 ಬಂದರೆ ಸರಾಸರಿ ಆಕ್ಯುರೇಟ್, ಅಳತೆಗಳು ಪ್ರಿಸೈಸ್ ಅಲ್ಲ.

ಕಲಾ ವಿಭಾಗದವರಿಗೂ ಒಂದು ಹೇಳಬೇಕಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ‘ಹಿಸ್ಟಾರಿಕಲ್’ ಕಾದಂಬರಿ, ಇತಿಹಾಸಕ್ಕೆ ಸಂಬಂಧಿಸಿದ್ದು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದು ‘ಹಿಸ್ಟಾರಿಕ್’ ದಿನ, ಇತಿಹಾಸದಲ್ಲಿ ಉಳಿಯುವಂಥದು.

ಕೆಲವೊಮ್ಮೆ ವ್ಯತ್ಯಾಸವೇ ಇಲ್ಲದ ಕಡೆ ವ್ಯತ್ಯಾಸ ಕಲ್ಪಿಸಿಕೊಂಡು ಕೆಡುವುದೂ ಉಂಟು. ‘ಫ್ಲೇಮಬಲ್’ ಎಂದರೆ ಸುಲಭವಾಗಿ ಹೊತ್ತಿಕೊಳ್ಳುವಂಥದು. ಹಾಗಾದರೆ ‘ಇನ್‌ಫ್ಲೇಮಬಲ್’ ಎಂದರೆ ಹೊತ್ತಿಕೊಳ್ಳದ್ದೇ? ಅಲ್ಲ, ಎರಡೂ ಒಂದೇ! ಇಲ್ಲಿಯ ‘ಇನ್’ ನಿಷೇಧವಲ್ಲ. ‘ಬೆಂಕಿ ಹಚ್ಚು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ಈ ಗೊಂದಲದಿಂದ ಜೀವಹಾನಿಯಾದೀತೆಂದು ಅಮೆರಿಕದ ಅಗ್ನಿಸುರಕ್ಷಾ ಸಂಸ್ಥೆ 1920ರ ದಶಕದಲ್ಲೇ ‘ಫ್ಲೇಮಬಲ್’ ಎಂದೇ ಬರೆಯಿರೆಂದು ಒತ್ತಾಯಿಸಿತು. ಟ್ಯಾಂಕರುಗಳ ಮೇಲೆ ಇಂದಿಗೂ ಎರಡೂ ಕಾಣಸಿಗುತ್ತವೆ.

ಬೆಂಕಿಯ ಮಾತು ಬಂದಾಗ ಬೆಂಜಮಿನ್ ಲೀ ವೋರ್ಫ್‌ನನ್ನು ನೆನೆಯಲೇಬೇಕು. ರಾಸಾಯನಿಕ ಎಂಜಿನಿಯರಿಂಗ್ ಓದಿ ಅಗ್ನಿವಿಮೆ ಕಂಪೆನಿಯಲ್ಲಿ ದುಡಿಯುತ್ತ, ಬಿಡುವಿನಲ್ಲಿ ಭಾಷಾಶಾಸ್ತ್ರ ಅಭ್ಯಸಿಸಿದವನು ಆತ. 1941ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವನು ಕಂಡದ್ದನ್ನು ಬರೆದ. ತುಂಬಿದ ಪೆಟ್ರೋಲ್ ಡ್ರಮ್ಮುಗಳ ಹತ್ತಿರ ಕೆಲಸಗಾರರು ಎಚ್ಚರದಿಂದಿರುತ್ತಾರೆ. ‘ಎಂಪ್ಟಿ’ ಎಂದು ಕರೆಸಿಕೊಂಡ ಡ್ರಮ್ಮುಗಳ ಹತ್ತಿರ ಸಿಗರೇಟು ಸೇದಿ ತುಂಡನ್ನು ಅಲ್ಲೇ ಎಸೆಯುತ್ತಾರೆ. ಉರಿಯುವುದು ಪೆಟ್ರೋಲಿನ ದ್ರವವಲ್ಲ, ಗಾಳಿಯೊಡನೆ ಬೆರೆತ ಆವಿ. ತುಂಬಿದ ಡ್ರಮ್ಮಿನೊಳಗೆ ಗಾಳಿಗೆ ಹೆಚ್ಚು ಜಾಗವಿಲ್ಲ. ಖಾಲಿಯಾದದ್ದರ ಒಳಗೆ ಆವಿ, ಗಾಳಿ ಎರಡೂ ಇರುತ್ತವೆ. ಗಾಳಿಯಲ್ಲಿ ಆವಿಯ ಪಾಲು ಸುಮಾರು ಶೇಕಡಾ ಒಂದೂವರೆಯಷ್ಟಿದ್ದರೂ ಕಿಡಿ ಸಾಕು.

ಗುಜರಿ ಅಂಗಡಿಯಿಂದ ತಂದ ಥಿನ್ನರ್ ಡ್ರಮ್ಮಿನ ಮುಚ್ಚಳವನ್ನು ಗ್ಯಾಸ್ ಕಟರಿನಿಂದ ಕೊಯ್ದು ನೀರು ಹಿಡಿಯಲು ಇಟ್ಟುಕೊಳ್ಳುವವರು ಈ ವಾಕ್ಯವನ್ನು ಎರಡು ಸಲ ಓದಬೇಕು. ನಮ್ಮ ‘ಖಾಲಿ’ಯೂ ಇಂಗ್ಲಿಷಿನ ‘ಎಂಪ್ಟಿ’ಯಷ್ಟೇ ವಂಚಕ ಪದ. ಅಪಾಯಕಾರಿ ವಸ್ತುಗಳ ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳಲ್ಲಿ ಅದಕ್ಕೆಂದೇ ‘ಎಂಪ್ಟಿ’ಯ ಪಕ್ಕ ‘ಅನ್‌ಕ್ಲೀನ್ಡ್’ ಎಂಬ ಇನ್ನೊಂದು ಗುಣವಾಚಕವನ್ನು ನಿಲ್ಲಿಸಿದ್ದಾರೆ: ಖಾಲಿಯಾಗಿದೆ, ತೊಳೆದಿಲ್ಲ.