ಓಡುವ ಗಣಕಕ್ಕೆ ತಕ್ಕ ನೆನಪು

ನಮ್ಮ ಶಾಲೆಯ ಬೀರುವಿನಲ್ಲಿ ಹದಿನಾರು ಕೈಬರಹದ ಪತ್ರಿಕೆಗಳಿದ್ದವು. ಏಳನೆಯ ತರಗತಿಯ ಮಕ್ಕಳು ವರ್ಷಕ್ಕೊಂದರಂತೆ ಬರೆದು, ಚಿತ್ರ ಬಿಡಿಸಿ, ದಾರದಿಂದ ಹೊಲಿದು ಇಟ್ಟಂಥವು. ಕಾಸರಗೋಡಿನ ಈ ಮೂಲೆಯಲ್ಲಿ ಮೂವತ್ತು ವರ್ಷಗಳ ಹಿಂದೆ ಮಕ್ಕಳು ಎಂಥ ಕನ್ನಡ ಬರೆಯುತ್ತಿದ್ದರೆಂಬುದಕ್ಕೆ ನಮ್ಮಲ್ಲಿ ಬೇರೆ ಸಾಕ್ಷಿಯಿಲ್ಲ. ಗೆದ್ದಲೂ ತೇವವೂ ಅವುಗಳ ಬೆನ್ನು ಹತ್ತಿದ್ದುದರಿಂದ, 2024ರ ಬೇಸಗೆ ರಜೆಯಲ್ಲಿ ಎಲ್ಲವನ್ನೂ ಮನೆಗೆ ತಂದು ಸ್ಕ್ಯಾನರಿನಲ್ಲಿ ಪುಟಪುಟವಾಗಿ ಪ್ರತಿ ತೆಗೆಯುವ ಕೆಲಸಕ್ಕೆ ಕೈಹಾಕಿದೆವು.

ಅದೇ ರಜೆಯಲ್ಲಿ, ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಅಕ್ಕನ ಮಗ ಬಿಡಿಭಾಗಗಳನ್ನು ತರಿಸಿ, ನಮ್ಮ ಚಾವಡಿಯಲ್ಲಿಯೇ ಕುಳಿತು ಒಂದು ಗಣಕಯಂತ್ರವನ್ನು ತಾನೇ ಜೋಡಿಸಿದನು. “ಮಾವ, ಪ್ರೊಸೆಸರನ್ನೂ ರ್‍ಯಾಮನ್ನೂ ಓವರ್‌ಕ್ಲಾಕ್ ಮಾಡಿದ್ದೇನೆ. ನಿಮ್ಮ ಕೆಲಸವೆಲ್ಲ ಇದರಲ್ಲಿ ಬೇಗ ಮುಗಿಯುತ್ತದೆ” ಎಂದನು. ಓವರ್‌ಕ್ಲಾಕ್ ಎಂದರೆ ತಯಾರಕರು ನಿಗದಿಪಡಿಸಿದ ವೇಗವನ್ನು ಮೀರಿ ಯಂತ್ರವನ್ನು ಓಡಿಸುವುದು. ಕೆಲಸವೇನೋ ಬೇಗನೆ ಮುಗಿಯಿತು. ಜೂನ್ ತಿಂಗಳಲ್ಲಿ ಪುಸ್ತಕಗಳು ಶಾಲೆಗೆ ಮರಳಿದವು. ಜುಲೈ ಮಳೆಗೆ ಮಾಡಿನ ಹಂಚು ಸರಿದು ಬೀರುವಿಗೆ ನೀರಿಳಿದು, ಎರಡು ಪುಸ್ತಕಗಳ ಶಾಯಿ ಪೂರ್ತಿಯಾಗಿ ಕರಗಿಹೋಯಿತು.

ಪ್ರತಿ ಇದೆಯಲ್ಲ ಎಂದು ಧೈರ್ಯವಾಗಿಯೇ ಇದ್ದೆವು. ತೆರೆದು ನೋಡಿದರೆ ಒಂದು ಪುಸ್ತಕದ ಕಡತ ‘ಹಾನಿಯಾಗಿದೆ’ ಎಂದು ಬಾಗಿಲು ಮುಚ್ಚಿಕೊಂಡಿತು. ಇನ್ನೊಂದರಲ್ಲಿ ಹಲವು ಪುಟಗಳು ಮೇಲರ್ಧ ಸರಿಯಾಗಿಯೂ ಕೆಳಗರ್ಧ ಬರಿಯ ಬೂದುಬಣ್ಣವಾಗಿಯೂ ನಿಂತಿದ್ದವು. ಪುಸ್ತಕಗಳನ್ನು ಮರಳಿಸುವ ಮುನ್ನ ಪ್ರತಿಗಳನ್ನು ಒಮ್ಮೆ ತೆರೆದು ನೋಡದೆ ಇದ್ದುದು ನಮ್ಮ ತಪ್ಪು. ಮಕ್ಕಳ ಉತ್ತರಪತ್ರಿಕೆಯ ಅಂಕಗಳನ್ನು ಎರಡು ಸಲ ಕೂಡಿಸುವ ಅಭ್ಯಾಸವುಳ್ಳವರು ಇಲ್ಲಿ ಒಂದು ಸಲವೂ ನೋಡಲಿಲ್ಲ.

ದೋಷ ಡಿಸ್ಕಿನದಾಗಿರಲಿಲ್ಲ. ಸ್ಕ್ಯಾನರಿನಿಂದ ಬಂದ ಚಿತ್ರ ಡಿಸ್ಕಿಗೆ ಹೋಗುವ ಮುನ್ನ ರ್‍ಯಾಮಿನಲ್ಲಿ ತಂಗುತ್ತದೆ. ಅಲ್ಲಿ ಒಂದು ಸೊನ್ನೆ ಒಂದಾಗಿ ತಿರುಗಿದರೂ ತಪ್ಪಾದ ಪ್ರತಿಯೇ ಡಿಸ್ಕಿಗೆ ಇಳಿಯುತ್ತದೆ. ಡಿಸ್ಕು ಅದನ್ನು ಬಹಳ ಶ್ರದ್ಧೆಯಿಂದ ಕಾಪಾಡುತ್ತದೆ! ಯಂತ್ರ ನಿಂತುಹೋದರೆ ರೋಗ ತಿಳಿಯುತ್ತದೆ. ನಿಲ್ಲದೆ ಮೌನವಾಗಿ ಕೆಡಿಸುವುದೇ ಹೆಚ್ಚು ಭಯದ ಸಂಗತಿ.

ಇದು ಹೇಗೆ ಆಗುತ್ತದೆ? 1960ರ ದಶಕದಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬವರು ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್ ಇವಿಷ್ಟರಲ್ಲೇ ಒಂದು ಅಂಕಿಯನ್ನು ಇರಿಸುವ ಬಗೆಯನ್ನು ಕಂಡುಹಿಡಿದರು. 1968ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಇಂದಿಗೂ ಮನೆಯ ಗಣಕಗಳ ರ್‍ಯಾಮ್ ಅದೇ ತತ್ತ್ವದ್ದು. ಆ ಕೆಪಾಸಿಟರ್ ಸೋರುವ ತಂಬಿಗೆಯಂತೆ. ತುಂಬಿದ ವಿದ್ಯುತ್ತು ಸೋರಿಹೋಗುವ ಮುನ್ನ ಮತ್ತೆ ಮತ್ತೆ ತುಂಬಿಸುತ್ತಿರಬೇಕು. ಡಿಡಿಆರ್4 ಬಗೆಯದರಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿಯೊಂದು ಕೋಶವೂ ಹೀಗೆ ತುಂಬಬೇಕು. ಬಿಸಿಯೇರಿದಷ್ಟೂ ಸೋರುವುದು ಹೆಚ್ಚು. ಓವರ್‌ಕ್ಲಾಕ್ ಮಾಡಿದಾಗ ಓದುವುದಕ್ಕೂ ಬರೆಯುವುದಕ್ಕೂ ದೊರೆಯುವ ಅವಕಾಶ ಕಿರಿದಾಗುತ್ತದೆ. ಯಾವುದೋ ಒಂದು ಕೋಶ ಹಿಂದೆ ಬೀಳುತ್ತದೆ.

ಪ್ರೊಸೆಸರಿನ ವೇಗಕ್ಕೂ ರ್‍ಯಾಮಿಗೂ ಇರುವ ನಂಟು ಹಳೆಯದು. 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರು ಬಂದಿತ್ತು. ಅದು 66 ಮೆಗಾಹರ್ಟ್ಸ್ ಮೂಲವೇಗವನ್ನು ನಾಲ್ಕೂವರೆಯಿಂದ ಗುಣಿಸಿ ಸುಮಾರು 300 ಮೆಗಾಹರ್ಟ್ಸಿನಲ್ಲಿ ಓಡುತ್ತಿತ್ತು. ಗುಣಕವನ್ನು ಬದಲಿಸುವಂತಿರಲಿಲ್ಲ. ಆದುದರಿಂದ ಹವ್ಯಾಸಿಗಳು ಮೂಲವೇಗವನ್ನೇ 100ಕ್ಕೆ ಏರಿಸಿ 450 ಪಡೆದರು. ಆದರೆ ಆ ಮೂಲವೇಗ ರ್‍ಯಾಮಿನದೂ ಆಗಿತ್ತು. ಪಿಸಿ100 ದರ್ಜೆಯ ರ್‍ಯಾಮ್ ಹಾಕಿದವರು ಗೆದ್ದರು, 66ರ ದರ್ಜೆಯದನ್ನು ಹಾಕಿದವರು ಅದೃಷ್ಟವನ್ನು ನಂಬಬೇಕಾಯಿತು. ಈಗಿನ ಯಂತ್ರಗಳಲ್ಲಿ ಪ್ರೊಸೆಸರಿನ ವೇಗವನ್ನೂ ರ್‍ಯಾಮಿನ ವೇಗವನ್ನೂ ಬೇರೆ ಬೇರೆಯಾಗಿ ಏರಿಸಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕೆಂಬ ಪ್ರಯೋಗಶಾಲೆಯ ನಿಯಮ ಇಲ್ಲಿಯೂ ಸಲ್ಲುತ್ತದೆ. ನಮ್ಮ ಅಳಿಯ ಎರಡನ್ನೂ ಒಂದೇ ಸಂಜೆ ಏರಿಸಿದ್ದನು.

ಇನ್ನು ಆಯ್ಕೆಯ ಮಾತು. ಅಂಗಡಿಯಲ್ಲಿ ಪೊಟ್ಟಣದ ಮೇಲೆ ದೊಡ್ಡದಾಗಿ ಕಾಣುವುದು ‘3200’, ‘3600’, ‘6000’ ಮುಂತಾದ ಅಂಕಿ. ಅದು ಸೆಕೆಂಡಿಗೆ ಎಷ್ಟು ದಶಲಕ್ಷ ವರ್ಗಾವಣೆಗಳೆಂಬುದು. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಸಿಎಲ್’ ಎಂಬ ಇನ್ನೊಂದು ಅಂಕಿಯಿರುತ್ತದೆ. ಕೇಳಿದ ಮೇಲೆ ಉತ್ತರ ಬರಲು ಎಷ್ಟು ಹೆಜ್ಜೆ ಕಾಯಬೇಕೆಂಬುದು ಅದರ ಅರ್ಥ. ಎರಡನ್ನೂ ಕೂಡಿಸಿಯೇ ನೋಡಬೇಕು. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ವೇಗದ ಅಂಕಿಯಿಂದ ಭಾಗಿಸಿದರೆ ಕಾಯುವ ಕಾಲ ನ್ಯಾನೋಸೆಕೆಂಡಿನಲ್ಲಿ ದೊರೆಯುತ್ತದೆ. ಏಳನೆಯ ತರಗತಿಯ ಮಗು ಮಾಡುವ ಲೆಕ್ಕ. 3200, ಸಿಎಲ್ 16 ಇದ್ದರೆ 10. 3600, ಸಿಎಲ್ 18 ಇದ್ದರೂ 10. ಡಿಡಿಆರ್5ರ 6000, ಸಿಎಲ್ 30 ಇದ್ದರೂ ಅದೇ 10. ಆದರೆ 3200, ಸಿಎಲ್ 22 ಇದ್ದರೆ 13.75. ಒಂದೇ 3200 ಎಂಬ ಹೆಸರಿನಲ್ಲಿ ಎರಡು ಬಗೆಯ ಸರಕು ಮಾರಾಟವಾಗುತ್ತದೆಯೆಂಬುದನ್ನು ಗೃಹಿಣಿಯರು ಅಕ್ಕಿಯ ಅಂಗಡಿಯಲ್ಲಿ ಬಹುಕಾಲದಿಂದ ಅರಿತಿದ್ದಾರೆ. ದೊಡ್ಡ ಅಂಕಿಯಿಂದ ಲಾಭವಿಲ್ಲವೆಂದಲ್ಲ, ಒಮ್ಮೆಗೆ ಸಾಗುವ ಮಾಹಿತಿ ಹೆಚ್ಚುತ್ತದೆ. ಕಾಯುವ ಕಾಲ ಮಾತ್ರ ಅದರಿಂದಲೇ ಕಡಿಮೆಯಾಗುವುದಿಲ್ಲ.

ಇನ್ನೊಂದು ಗುಟ್ಟು. ಡಿಡಿಆರ್4ಕ್ಕೆ ಜೆಡೆಕ್ ಎಂಬ ಮಾನಕ ಸಂಸ್ಥೆ ಒಪ್ಪಿದ ವೇಗ 3200ರವರೆಗೆ, ವಿದ್ಯುತ್ತು 1.2 ವೋಲ್ಟ್. ಅದರ ಮೇಲಿನದೆಲ್ಲ ಎಕ್ಸ್‌ಎಂಪಿ ಎಂಬ ಏರ್ಪಾಟಿನ ಬಲದಿಂದ, ಹೆಚ್ಚಾಗಿ 1.35 ವೋಲ್ಟಿನಲ್ಲಿ, ಓಡುವಂಥದು. ಎಂದರೆ ಪೊಟ್ಟಣದ ಮೇಲೆಯೇ ಅಚ್ಚಾಗಿದ್ದರೂ ಅದೂ ಓವರ್‌ಕ್ಲಾಕೇ! ರ್‍ಯಾಮ್ ಒಪ್ಪಿದರೂ ಪ್ರೊಸೆಸರಿನೊಳಗಿನ ನಿಯಂತ್ರಕ ಒಪ್ಪಬೇಕು, ಮದರ್‌ಬೋರ್ಡೂ ಒಪ್ಪಬೇಕು. ಮದರ್‌ಬೋರ್ಡ್ ತಯಾರಕರು ತಾವು ಪರೀಕ್ಷಿಸಿದ ರ್‍ಯಾಮುಗಳ ಪಟ್ಟಿಯನ್ನು ಪ್ರಕಟಿಸುತ್ತಾರೆ. ಹಣ ಕೊಡುವ ಮುನ್ನ ಆ ಪಟ್ಟಿಯಲ್ಲಿ ಹುಡುಕುವುದು ಲೇಸು.

ನಮ್ಮ ಮನೆಯ ಯಂತ್ರದ ರೋಗ ಯಾವುದೆಂದು ತಿಳಿಯಲು, ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಯಂತ್ರವನ್ನು ಅದರಿಂದಲೇ ಆರಂಭಿಸಿದೆವು. ಅಳಿಯ ಹಳೆಯ ಗಣಕದಿಂದ ಕಳಚಿದ 8 ಜಿಬಿಯ ಒಂದು ಪಟ್ಟಿಯನ್ನೂ ಹೊಸದಾಗಿ ಕೊಂಡ ಬೇರೆ ಕಂಪನಿಯ 8 ಜಿಬಿಯ ಪಟ್ಟಿಯನ್ನೂ ಜೊತೆಮಾಡಿ, 3200ರ ಅವೆರಡನ್ನೂ 3600ಕ್ಕೆ ಏರಿಸಿದ್ದನು. ಆ ವೇಗದಲ್ಲಿ ನಲವತ್ತು ನಿಮಿಷಕ್ಕೆ ಪರದೆಯ ಮೇಲೆ ಕೆಂಪು ಗೆರೆಗಳು ಬಂದವು. 3200ಕ್ಕೆ ಇಳಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಗಿನ ಜಾವಕ್ಕೆ ಎರಡು ತಪ್ಪು. ಒಂದೊಂದನ್ನೇ ಬೇರೆ ಬೇರೆ ಹಾಕಿ ನೋಡಿದರೆ ಎರಡೂ ನಿರ್ದೋಷಿ! ಬಿಡಿಯಾಗಿ ಕುಳಿತರೆ ಸಾಧುಗಳು, ಒಂದೇ ಬೆಂಚಿನಲ್ಲಿ ಕೂಡಿಸಿದರೆ ಕೋಟಲೆ. ಇಂಥ ಜೋಡಿಗಳನ್ನು ಪ್ರತಿವರ್ಷವೂ ಕಂಡವರಾದ ನಮಗೆ ಆಶ್ಚರ್ಯವೆನಿಸಲಿಲ್ಲ. ಎರಡನ್ನೂ ಕೂಡಿಸಿ 2666ಕ್ಕೆ ಇಳಿಸಿದ ಮೇಲೆ ತಪ್ಪುಗಳು ನಿಂತವು.

ಆದುದರಿಂದ ಎರಡು ಪಟ್ಟಿ ಬೇಕಾದರೆ ಒಂದೇ ಪೊಟ್ಟಣದಲ್ಲಿ ಜೋಡಿಯಾಗಿ ಬಂದುದನ್ನೇ ಕೊಳ್ಳಬೇಕು. ಒಂದೇ ಹೆಸರಿನ ಎರಡು ಬಿಡಿ ಪೊಟ್ಟಣಗಳಲ್ಲಿಯೂ ಒಳಗಿನ ಚಿಪ್ಪು ಬೇರೆಯಾಗಿರಬಹುದು. ನಾಲ್ಕು ಖಾನೆಗಳಿದ್ದರೂ ಎರಡು ಪಟ್ಟಿಗಳೇ ಮೇಲು, ನಾಲ್ಕನ್ನೂ ತುಂಬಿದರೆ ನಿಯಂತ್ರಕಕ್ಕೆ ಭಾರ ಹೆಚ್ಚಿ ವೇಗ ಇಳಿಸಬೇಕಾದೀತು. ಹೆಚ್ಚಿನ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ, ನಾಲ್ಕನೆಯ ಖಾನೆಗಳು ಜೋಡಿಯ ಸ್ಥಾನ. ಡಿಡಿಆರ್4ರ ಖಾನೆಗೆ ಡಿಡಿಆರ್5 ಸೇರದು, ಕಚ್ಚಿನ ಸ್ಥಾನವೇ ಬೇರೆ. ಪಟ್ಟಿಯ ಮೇಲಿನ ಲೋಹದ ಹೊದಿಕೆ ಬಹಳ ಎತ್ತರವಿದ್ದರೆ ಪ್ರೊಸೆಸರಿನ ದೊಡ್ಡ ಫ್ಯಾನಿಗೆ ತಾಗುತ್ತದೆ. ಅಳತೆ ನೋಡಿ ಕೊಳ್ಳಬೇಕು. ಬಣ್ಣದ ದೀಪಗಳಿಗೆ ಕೊಡುವ ಹಣವನ್ನು ಗಾತ್ರಕ್ಕೆ ಕೊಟ್ಟರೆ ಲಾಭ. ಮನೆಯ ಕೆಲಸಕ್ಕೆ 16 ಜಿಬಿ ಸಾಕು, ವೀಡಿಯೋ ಜೋಡಿಸುವವರಿಗೆ 32. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ವಿಪರೀತ ಏರಿದುದರಿಂದ ಹಳೆಯ ಪಟ್ಟಿಗಳನ್ನು ಬೆರೆಸುವ ಆಸೆ ಹಲವು ಮನೆಗಳಲ್ಲಿ ಹುಟ್ಟಿರಬೇಕು. ಬೆರೆಸಲೇಬೇಕಾದರೆ ಕಡಿಮೆ ವೇಗದಲ್ಲಿ ಓಡಿಸಿ, ಪರೀಕ್ಷೆ ಮಾಡಿದ ಮೇಲೆಯೇ ಬಳಸುವುದು ಕ್ಷೇಮ.

ಪರೀಕ್ಷೆಯನ್ನು ತಂಪು ಹೊತ್ತಿನಲ್ಲಿ ಮಾತ್ರ ಮಾಡಿ ತೃಪ್ತರಾಗಬಾರದು. ನಮ್ಮ ಕರಾವಳಿಯ ಏಪ್ರಿಲ್ ಮಧ್ಯಾಹ್ನದಲ್ಲಿಯೂ ಒಮ್ಮೆ ಓಡಿಸಿ ನೋಡಬೇಕು. ಒಂದೇ ಒಂದು ತಪ್ಪು ಬಂದರೂ ಅದು ನಪಾಸು. ಇಲ್ಲಿ ಮೂವತ್ತೈದು ಅಂಕಕ್ಕೆ ತೇರ್ಗಡೆಯಿಲ್ಲ. ವೇಗ ಏರಿಸಿದ ಮೇಲೆ ಯಂತ್ರ ಎಚ್ಚರಗೊಳ್ಳದಿದ್ದರೆ ಗಾಬರಿ ಬೇಡ. ವಿದ್ಯುತ್ತಿನ ತಂತಿಯನ್ನು ಕಳಚಿ, ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಕೆಲಹೊತ್ತು ತೆಗೆದಿಟ್ಟರೆ ಅದು ಮೊದಲಿನ ಏರ್ಪಾಟಿಗೆ ಮರಳುತ್ತದೆ.

ಅಳಿಯ ತನ್ನ ಪಾಕೆಟ್ ಹಣದಿಂದ 3200, ಸಿಎಲ್ 16ರ ಜೋಡಿಯೊಂದನ್ನು ತಂದು ಹಾಕಿದನು. ಎರಡು ರಾತ್ರಿ, ಒಂದು ಮಧ್ಯಾಹ್ನ ಪರೀಕ್ಷಿಸಿದೆವು. ಕೆಂಪು ಗೆರೆ ಬರಲಿಲ್ಲ. “ಮಾವ, 3600ಕ್ಕೆ ಒಮ್ಮೆ ನೋಡಲೇ?” ಎಂದು ಕೇಳಿದ. ಈ ಕೆಲಸ ಮುಗಿಯುವವರೆಗೆ ಬೇಡವೆಂದೆವು. ಉಳಿದ ಹದಿನಾಲ್ಕು ಪುಸ್ತಕಗಳನ್ನು ಮತ್ತೆ ಮೊದಲಿನಿಂದ ಪ್ರತಿ ತೆಗೆದು, ಪ್ರತಿಯೊಂದು ಪುಟವನ್ನೂ ತೆರೆದು ನೋಡಿಯೇ ಪುಸ್ತಕವನ್ನು ಶಾಲೆಗೆ ಕಳುಹಿಸಿದೆವು. ಕರಗಿದ ಎರಡರಲ್ಲಿ ಒಂದರ ಇಪ್ಪತ್ತಮೂರು ಪುಟಗಳ ಮೇಲರ್ಧ ಮಾತ್ರ ನಮ್ಮಲ್ಲಿ ಉಳಿದಿದೆ. ಅವುಗಳಲ್ಲಿ ಒಂದು, ಚಂದ್ರಗಿರಿ ಹೊಳೆಯ ದೋಣಿಯನ್ನು ಕುರಿತು ಹುಡುಗಿಯೊಬ್ಬಳು ಬರೆದ ಪ್ರಬಂಧ. ದೋಣಿ ನಡುಹೊಳೆಗೆ ಬಂದಲ್ಲಿ ಪುಟ ಬೂದಾಗುತ್ತದೆ. ಆಕೆ ಈಗ ಇದೇ ಊರಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಮೇಲರ್ಧವನ್ನು ಅಚ್ಚು ತೆಗೆದು ಕೊಟ್ಟಿದ್ದೇವೆ. ಮುಂದಿನದನ್ನು ನೆನಪು ಮಾಡಿಕೊಂಡು ಬರೆದುಕೊಡುತ್ತೇನೆಂದು ಹೇಳಿದ್ದಾಳೆ.